ಯಾರದೂ ಅಲ್ಲದ ನದಿ: ಮರ್ಸಿ ಜಲಾನಯನ ಪ್ರದೇಶದ ಶುದ್ಧೀಕರಣ ನಡೆದ ಬಗೆ

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಅಲ್ಲಿಂದ ಹತ್ತಿ ಬರುವುದು ನಿಂತಾಗ, ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸುತ್ತಲಿನ ಗಿರಣಿ ಮಾಲೀಕರ ದೃಷ್ಟಿ ಧಾರವಾಡ ಸೀಮೆಯ ಎರೆಹೊಲಗಳ ಮೇಲೆ ಬಿತ್ತು. ಅಲ್ಲಿ ಆ ವೇಳೆಗಾಗಲೇ ಅಮೆರಿಕದ ತಳಿಯ ಹತ್ತಿಯನ್ನು ಬೆಳೆಯಲಾಗುತ್ತಿತ್ತು. ಅದನ್ನು ಘಟ್ಟದ ಕೆಳಗಿಳಿಸಿ ಕಾರವಾರದ ಬಳಿಯ ಸದಾಶಿವಗಡದಿಂದ ಹಡಗಿಗೇರಿಸಬೇಕೆಂದು ಮ್ಯಾಂಚೆಸ್ಟರಿನ ವ್ಯಾಪಾರಿಗಳು ಒಂದು ಕಂಪನಿಯನ್ನೇ ಕಟ್ಟಿದರು. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆಯೂ ಈ ಹತ್ತಿಯ ಒತ್ತಡವಿತ್ತು. ಕಂಪನಿ ಬಹುಕಾಲ ಬಾಳಲಿಲ್ಲ. ನಮ್ಮ ನೆಲದ ಹತ್ತಿ ಹೋಗಿ ಸೇರುತ್ತಿದ್ದ ಆ ಕಣಿವೆಗಳಲ್ಲಿ ಹರಿಯುವ ನದಿಗೆ ಏನಾಯಿತು, ನೂರು ವರ್ಷಕ್ಕೂ ಹೆಚ್ಚು ಕಾಲ ಸತ್ತಂತಿದ್ದ ಅದರಲ್ಲಿ ಮತ್ತೆ ಮೀನು ಕಾಣಿಸಿಕೊಂಡದ್ದು ಹೇಗೆ ಎಂಬುದು ಈ ಲೇಖನದ ವಿಷಯ.

ಆ ನದಿಯ ಹೆಸರು ಮರ್ಸಿ. ಪೆನೈನ್ ಬೆಟ್ಟಸಾಲಿನ ಪಶ್ಚಿಮದ ಇಳಿಜಾರಿನಲ್ಲಿ ಹುಟ್ಟುವ ಗೊಯ್ಟ್ ಮತ್ತು ಟೇಮ್ ಎಂಬ ಹೊಳೆಗಳು ಸ್ಟಾಕ್‌ಪೋರ್ಟ್ ಪಟ್ಟಣದಲ್ಲಿ ಕೂಡಿ ಮರ್ಸಿಯಾಗುತ್ತವೆ. ಅಲ್ಲಿಂದ ಸುಮಾರು 110 ಕಿಲೋಮೀಟರ್ ಹರಿದು ಅದು ಲಿವರ್‌ಪೂಲಿನ ಬಳಿ ಸಮುದ್ರ ಸೇರುತ್ತದೆ. ಬೇಕಪ್ ಪಟ್ಟಣದ ಮೇಲಿನ ದಿಣ್ಣೆಯಲ್ಲಿ ಹುಟ್ಟಿ ಮ್ಯಾಂಚೆಸ್ಟರ್ ಮತ್ತು ಸಾಲ್‌ಫರ್ಡ್ ನಗರಗಳ ನಡುವೆ ಹರಿದು ಬರುವ ಇರ್‌ವೆಲ್ ಇದರ ದೊಡ್ಡ ಉಪನದಿ. ಈ ಜಲಾನಯನ ಪ್ರದೇಶದಲ್ಲಿ ಸುಮಾರು 50 ಲಕ್ಷ ಜನ ವಾಸಿಸುತ್ತಾರೆ. ಬೆಟ್ಟದ ಮೇಲೆ ಮಳೆ ಹೆಚ್ಚು. ನೀರು ಮೆದು, ಅಂದರೆ ಸುಣ್ಣದಂಶ ಕಡಿಮೆ. ಮೊದಲು ನೀರಿನ ಚಕ್ರ ತಿರುಗಿಸಲು, ನಂತರ ಉಗಿಯಂತ್ರಗಳ ಬಾಯ್ಲರುಗಳಿಗೆ, ಬಟ್ಟೆಯನ್ನು ಬಿಳುಪು ಮಾಡುವುದಕ್ಕೆ ಮತ್ತು ಬಣ್ಣ ಹಾಕುವುದಕ್ಕೆ ಇದಕ್ಕಿಂತ ಅನುಕೂಲವಾದ ನೀರು ಬೇರೆ ಬೇಕಿರಲಿಲ್ಲ. ಕೈಗಾರಿಕೆ ಇಲ್ಲಿಗೆ ಬಂದುದಕ್ಕೂ ಇಲ್ಲಿನ ನದಿ ಕೆಟ್ಟುದಕ್ಕೂ ಕಾರಣ ಒಂದೇ, ಒಳ್ಳೆಯ ನೀರು.

ನದಿ ಸಾಯುವುದೆಂದರೆ ಏನು ಎಂಬುದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಜನ ಸಾಮಾನ್ಯವಾಗಿ ವಿಷ ಎಂಬ ಮಾತನ್ನು ಬಳಸುತ್ತಾರಾದರೂ ಹೆಚ್ಚಿನ ನದಿಗಳು ಸಾಯುವುದು ವಿಷದಿಂದಲ್ಲ, ಉಸಿರುಗಟ್ಟಿ. ಇಪ್ಪತ್ತು ಡಿಗ್ರಿ ಉಷ್ಣತೆಯ ಒಂದು ಲೀಟರ್ ಶುದ್ಧ ನೀರು ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಟ್ಟುಕೊಳ್ಳಬಲ್ಲುದು. ನೀರು ಬೆಚ್ಚಗಾದಷ್ಟೂ ಈ ಪ್ರಮಾಣ ಕುಗ್ಗುತ್ತದೆ. ಮಲ, ಗಂಜಿ, ಎಣ್ಣೆ, ಕಾಗದದ ನಾರು ಮೊದಲಾದ ಯಾವುದೇ ಸಾವಯವ ವಸ್ತು ನೀರಿಗೆ ಬಿದ್ದಾಗ ಅದನ್ನು ತಿನ್ನುವ ಬ್ಯಾಕ್ಟೀರಿಯಾಗಳು ಈ ಅಲ್ಪ ದಾಸ್ತಾನಿನಿಂದಲೇ ಆಮ್ಲಜನಕವನ್ನು ಸೆಳೆದುಕೊಳ್ಳುತ್ತವೆ. ಕೊಳಚೆಯ ಹಸಿವು ಎಷ್ಟಿದೆಯೆಂದು ಅಳೆಯುವ ಲೆಕ್ಕಕ್ಕೆ ಬಿಒಡಿ, ಅಂದರೆ ಜೈವಿಕ ಆಮ್ಲಜನಕ ಬೇಡಿಕೆ, ಎನ್ನುತ್ತಾರೆ. ನೀರಿನ ಮಾದರಿಯನ್ನು ಐದು ದಿನ ಮುಚ್ಚಿಟ್ಟು ಅದರಲ್ಲಿ ಎಷ್ಟು ಆಮ್ಲಜನಕ ಖರ್ಚಾಯಿತೆಂದು ನೋಡುವುದೇ ಈ ಪರೀಕ್ಷೆ. (ಐದು ದಿನವೇ ಏಕೆ ಎಂಬುದಕ್ಕೆ, ಬ್ರಿಟನ್ನಿನ ಯಾವ ನದಿಯೂ ಸಮುದ್ರ ಸೇರಲು ಅದಕ್ಕಿಂತ ಹೆಚ್ಚು ಕಾಲ ತೆಗೆದುಕೊಳ್ಳುವುದಿಲ್ಲ ಎಂಬ ವಿವರಣೆಯನ್ನು ಹೇಳುವುದುಂಟು. ಗಂಗೆ, ಗೋದಾವರಿಯಂತಹ ನದಿಗಳ ನಾಡಿನಲ್ಲೂ ಅದೇ ಐದು ದಿನದ ಪರೀಕ್ಷೆ ಬಹುಕಾಲ ವಾಡಿಕೆಯಲ್ಲಿತ್ತು.) ಹಸಿವು ದಾಸ್ತಾನನ್ನು ಮೀರಿದಾಗ ಆಮ್ಲಜನಕ ಸೊನ್ನೆಗಿಳಿಯುತ್ತದೆ. ಮೀನು ಹೋಗುತ್ತದೆ, ಹುಳು ಹೋಗುತ್ತದೆ. ಆಮ್ಲಜನಕವಿಲ್ಲದೆ ಬದುಕಬಲ್ಲ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ತಲೆಯೆತ್ತಿ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಹೊರಬಿಡತೊಡಗುತ್ತವೆ. ಬೇಸಿಗೆಯಲ್ಲಿ ಮರ್ಸಿಯ ದಂಡೆಯಲ್ಲಿ ನಿಂತವರಿಗೆ ತಟ್ಟುತ್ತಿದ್ದುದು ಈ ವಾಸನೆ.

ಇದರ ಮೇಲೆ ನಿಜವಾದ ವಿಷವೂ ಬಂತು. ನದಿಯ ಕೆಳಭಾಗದ ವಿಡ್ನಿಸ್ ಮತ್ತು ರನ್‌ಕಾರ್ನ್ ಪಟ್ಟಣಗಳಲ್ಲಿ, ಸಾಬೂನು, ಗಾಜು ಮತ್ತು ಬಟ್ಟೆ ಉದ್ಯಮಗಳಿಗೆ ಬೇಕಾದ ಸೋಡಾ ತಯಾರಿಸುವ ಕಾರ್ಖಾನೆಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳೆದವು. ಉಪ್ಪು, ಗಂಧಕಾಮ್ಲ, ಸುಣ್ಣಕಲ್ಲು ಮತ್ತು ಕಲ್ಲಿದ್ದಲನ್ನು ಬಳಸುವ ಲೆಬ್ಲಾಂಕ್ ವಿಧಾನದಲ್ಲಿ ಸೋಡಾದ ಜೊತೆಗೆ ಗಂಧಕದ ವಾಸನೆಯ ರಾಡಿಯೂ ಅಪಾರವಾಗಿ ಉಳಿಯುತ್ತಿತ್ತು. ಸ್ಥಳೀಯರು ಅದಕ್ಕೆ ಗ್ಯಾಲಿಗು ಎನ್ನುತ್ತಿದ್ದರು. ದಂಡೆಯುದ್ದಕ್ಕೂ ಅದರ ಗುಡ್ಡೆಗಳೇ ಎದ್ದವು. ಆ ಶತಮಾನದ ಕೊನೆಯಲ್ಲಿ ಪಾದರಸದ ಕೋಶಗಳಲ್ಲಿ ಉಪ್ಪುನೀರನ್ನು ವಿಭಜಿಸಿ ಕ್ಲೋರಿನ್ ಪಡೆಯುವ ವಿಧಾನ ರನ್‌ಕಾರ್ನಿಗೆ ಬಂದಿತು, ಮತ್ತು ಅಳಿವೆಯ ಕೆಸರಿನಲ್ಲಿ ಪಾದರಸ ಸೇರತೊಡಗಿತು.

ಇದನ್ನು ಯಾರೂ ಗಮನಿಸಿರಲಿಲ್ಲವೆಂದು ಭಾವಿಸಬಾರದು. ನದಿಗಳ ಮಾಲಿನ್ಯವನ್ನು ತಡೆಯುವ ಕಾನೂನು ಬ್ರಿಟನ್ನಿನಲ್ಲಿ 1876ರಲ್ಲೇ ಬಂದಿತ್ತು. 1891ರಲ್ಲಿ ಮರ್ಸಿ ಮತ್ತು ಇರ್‌ವೆಲ್ ನದಿಗಳಿಗೆಂದೇ ಸ್ಥಳೀಯ ಆಡಳಿತಗಳ ಒಂದು ಜಂಟಿ ಸಮಿತಿಯೂ ರಚನೆಯಾಯಿತು. ಇನ್ನೂ ವಿಚಿತ್ರವೆಂದರೆ, ಇಂದು ಜಗತ್ತಿನ ಬಹುಪಾಲು ನಗರಗಳು ಕೊಳಚೆ ನೀರನ್ನು ಶುದ್ಧೀಕರಿಸಲು ಬಳಸುವ ವಿಧಾನ ಹುಟ್ಟಿದ್ದು ಇದೇ ಕಣಿವೆಯಲ್ಲಿ. ಮ್ಯಾಂಚೆಸ್ಟರ್ ನಗರಸಭೆಯ ಡೇವಿಹ್ಯೂಮ್ ಕೊಳಚೆ ಘಟಕದಲ್ಲಿ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಎಂಬ ರಸಾಯನಶಾಸ್ತ್ರಜ್ಞರು ಬಾಟಲಿಗಳಲ್ಲಿ ಕೊಳಚೆ ನೀರು ತುಂಬಿ ಗಾಳಿ ಊದಿದರು. ನೀರು ತಿಳಿಯಾಗಲು ವಾರಗಳೇ ಹಿಡಿದವು. ಆದರೆ ತಳದಲ್ಲಿ ಕೂತ ಗಸಿಯನ್ನು ಚೆಲ್ಲದೆ, ಅದರ ಮೇಲೆಯೇ ಹೊಸ ಕೊಳಚೆಯನ್ನು ಸುರಿದು ಮತ್ತೆ ಗಾಳಿ ಊದುತ್ತ ಹೋದಾಗ, ಅದೇ ಕೆಲಸ ಒಂದು ದಿನದೊಳಗೆ ಮುಗಿಯತೊಡಗಿತು. ಮೊಸರಿಗೆ ಹೆಪ್ಪು ಉಳಿಸಿಕೊಳ್ಳುವ ಹಾಗೆ, ಗಸಿಯಲ್ಲಿ ಬೆಳೆದ ಬ್ಯಾಕ್ಟೀರಿಯಾಗಳನ್ನು ಅವರು ಮುಂದಿನ ಕಂತಿಗೆ ಉಳಿಸಿಕೊಂಡಿದ್ದರು. 1914ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅವರನ್ನು ಈ ದಿಕ್ಕಿಗೆ ಹಚ್ಚಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಇಂದು ನಮ್ಮ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಗುಡುಗುಡು ಸದ್ದು ಮಾಡುತ್ತಿರುವ ಎಸ್‌ಟಿಪಿಗಳಲ್ಲಿ (ಕೊಳಚೆ ಸಂಸ್ಕರಣಾ ಘಟಕಗಳಲ್ಲಿ) ಬಹಳಷ್ಟು ಆ ಮ್ಯಾಂಚೆಸ್ಟರ್ ಬಾಟಲಿಗಳ ಸಂತಾನವೇ.

ಹೀಗೆ ಕಾನೂನಿತ್ತು, ಸಮಿತಿಯಿತ್ತು, ವಿಧಾನವೂ ಇತ್ತು. ಆದರೂ ಎಪ್ಪತ್ತು ವರ್ಷಗಳ ನಂತರ ಮರ್ಸಿ ಯೂರೋಪಿನ ಅತ್ಯಂತ ಕೊಳಕು ನದಿಗಳಲ್ಲಿ ಒಂದಾಗಿಯೇ ಉಳಿದಿತ್ತು. ಈ ಅಂತರವೇ ವಿವರಣೆ ಬೇಡುವ ಸಂಗತಿ. ಹಳೆಯ ಕಾನೂನು ಕಾರ್ಖಾನೆಗಳಿಗೆ ಎಷ್ಟು ರಿಯಾಯಿತಿ ಕೊಟ್ಟಿತ್ತೆಂದರೆ ಅದರಿಂದ ಮೊಕದ್ದಮೆ ಗೆಲ್ಲುವುದೇ ಕಷ್ಟವಾಗಿತ್ತು, ಮತ್ತು ಉಬ್ಬರವಿಳಿತದ ಅಳಿವೆಯವರೆಗೆ ಬಹುಕಾಲ ಅದರ ಹಿಡಿತ ಚಾಚಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಜಲಾನಯನ ಪ್ರದೇಶ ಹತ್ತಾರು ಪುರಸಭೆಗಳ ನಡುವೆ ಹಂಚಿಹೋಗಿತ್ತು. ಮೇಲಿನ ಊರು ತನ್ನ ಹಣ ಖರ್ಚುಮಾಡಿ ಕೊಳಚೆಯನ್ನು ಶುದ್ಧೀಕರಿಸಿದರೆ ಲಾಭ ಕೆಳಗಿನ ಊರಿಗೆ; ಕೆಳಗಿನ ಊರಿಗಾದರೋ, ಹೇಗಿದ್ದರೂ ಮೇಲಿನಿಂದ ಬರುತ್ತಿರುವುದೇ ಕೊಳಚೆಯಾದ್ದರಿಂದ ತಾನೊಬ್ಬನೇ ಶುದ್ಧವಾಗಿದ್ದು ಪ್ರಯೋಜನವಿಲ್ಲ. ಸಮುದ್ರದ ಬಾಗಿಲಲ್ಲಿರುವ ಲಿವರ್‌ಪೂಲ್ ನಗರವಂತೂ ತನ್ನ ಕೊಳಚೆಯನ್ನು ಉಬ್ಬರವಿಳಿತ ಹೊತ್ತೊಯ್ಯುತ್ತದೆಂದು ನಂಬಿ, ಹಾಗೆಯೇ ನೇರವಾಗಿ ಅಳಿವೆಗೆ ಬಿಡುತ್ತಿತ್ತು. ಆದರೆ ಮರ್ಸಿಯ ಅಳಿವೆಯ ಆಕಾರ ಸೀಸೆಯಂತಹುದು: ಒಳಗೆ ಅಗಲ, ಬಾಯಿ ಕಿರಿದು. ಇಳಿತದಲ್ಲಿ ಹೊರಗೆ ಹೋದದ್ದು ಉಬ್ಬರದಲ್ಲಿ ಬಹುಮಟ್ಟಿಗೆ ಒಳಗೇ ಬರುತ್ತಿತ್ತು.

ಹತ್ತಾರು ಆಡಳಿತಗಳ ಕೊಳಚೆ ವ್ಯವಸ್ಥೆಯನ್ನು 1974ರಲ್ಲಿ ಒಂದೇ ಪ್ರಾದೇಶಿಕ ಜಲ ಪ್ರಾಧಿಕಾರದ ಕೈಗೆ ಕೊಟ್ಟಾಗ ಮೊದಲ ಗಂಟು ಸಡಿಲಾಯಿತು. ಎರಡನೆಯದು ಸಡಿಲಾಗಲು ಗಲಭೆ ಬೇಕಾಯಿತು. 1981ರ ಬೇಸಿಗೆಯಲ್ಲಿ ಲಿವರ್‌ಪೂಲಿನ ಟಾಕ್ಸ್ಟೆತ್ ಬಡಾವಣೆ ಹೊತ್ತಿ ಉರಿಯಿತು. ಬಂದರಿನ ಕೆಲಸವೂ ಇಲ್ಲ, ಕಾರ್ಖಾನೆಯ ಕೆಲಸವೂ ಇಲ್ಲ ಎಂಬ ಸ್ಥಿತಿ ಅಲ್ಲಿತ್ತು. ಅಲ್ಲಿಗೆ ಬಂದ ಪರಿಸರ ಸಚಿವ ಮೈಕೆಲ್ ಹೆಸೆಲ್ಟೈನ್, ಮರ್ಸಿಯ ಸ್ಥಿತಿ ನಾಗರಿಕ ಸಮಾಜಕ್ಕೇ ಅವಮಾನವೆಂಬ ಅರ್ಥದ ಮಾತನ್ನು ಆಡಿದರು. ಹಾಳುಬಿದ್ದ ದಂಡೆಯಲ್ಲಿ ಬಂಡವಾಳ ಹೂಡಲು ಯಾರೂ ಬರುವುದಿಲ್ಲ, ನಾರುವ ನೀರಿನ ದಂಡೆ ಹಾಳುಬೀಳದೆ ಇರುವುದಿಲ್ಲ ಎಂಬುದು ಅವರ ತರ್ಕ. ಅಂದರೆ ನದಿಯನ್ನು ಶುದ್ಧಮಾಡಬೇಕೆಂಬ ಒತ್ತಾಯ ಇಲ್ಲಿ ಹುಟ್ಟಿದ್ದು ಮೀನಿನ ಮೇಲಿನ ಪ್ರೀತಿಯಿಂದಲ್ಲ, ನಿರುದ್ಯೋಗದ ಭಯದಿಂದ. ಈ ಪ್ರಾಮಾಣಿಕ ಸ್ವಾರ್ಥವೇ ಮುಂದಿನ ಕೆಲಸಕ್ಕೆ ಗಟ್ಟಿ ತಳಹದಿಯಾಯಿತೆಂದು ನನಗೆ ಅನ್ನಿಸುತ್ತದೆ.

1985ರಲ್ಲಿ ಮರ್ಸಿ ಬೇಸಿನ್ ಕ್ಯಾಂಪೇನ್ ಎಂಬ ಸಂಘಟನೆ ಆರಂಭವಾಯಿತು. ಇಪ್ಪತ್ತೈದು ವರ್ಷ ಕೆಲಸ ಮಾಡಿ 2010ಕ್ಕೆ ಮುಗಿಯಬೇಕೆಂದು ಅದರ ಆಯುಸ್ಸನ್ನು ಮೊದಲೇ ಗೊತ್ತುಮಾಡಲಾಗಿತ್ತು. ಜಲಾನಯನದ ಎಲ್ಲ ನದಿ ಹೊಳೆಗಳೂ ಮೀನು ಬದುಕುವಷ್ಟಾದರೂ ಶುದ್ಧವಾಗಬೇಕು, ದಂಡೆಗಳ ಮೇಲೆ ಹೊಸ ಚಟುವಟಿಕೆ ಬರಬೇಕು, ಜನ ನದಿಯನ್ನು ತಮ್ಮದೆಂದು ಕಾಣಬೇಕು ಎಂಬುದು ಅದರ ಗುರಿ. ಒಟ್ಟು ಖರ್ಚು ಸುಮಾರು 400 ಕೋಟಿ ಪೌಂಡ್ ಆಗಬಹುದೆಂದು ಅಂದಾಜು ಮಾಡಿದ್ದರು. ಸರ್ಕಾರ, ಸ್ಥಳೀಯ ಆಡಳಿತಗಳು, ಜಲ ಪ್ರಾಧಿಕಾರ, ದೊಡ್ಡ ಉದ್ಯಮಗಳು, ಗಾಳ ಹಾಕುವವರ ಸಂಘಗಳು ಮತ್ತು ಶಾಲೆಗಳು ಒಂದೇ ಮೇಜಿನ ಸುತ್ತ ಕೂತವು.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ಈ ಸಂಘಟನೆಯ ಕೈಯಲ್ಲಿ ದಂಡ ಹಾಕುವ ಅಧಿಕಾರವಿರಲಿಲ್ಲ, ಆ 400 ಕೋಟಿಯೂ ಇರಲಿಲ್ಲ. ನೀರನ್ನು ಶುದ್ಧಮಾಡಿದ್ದು ಕೊಳವೆಗಳು ಮತ್ತು ಸಂಸ್ಕರಣಾ ಘಟಕಗಳು. ಲಿವರ್‌ಪೂಲ್ ದಂಡೆಯಲ್ಲಿ ಹಸಿ ಕೊಳಚೆಯನ್ನು ಅಳಿವೆಗೆ ಸುರಿಯುತ್ತಿದ್ದ 28 ಬಾಯಿಗಳನ್ನು ಒಂದು ದೊಡ್ಡ ಅಡ್ಡಗಾಲುವೆಗೆ ಜೋಡಿಸಿ, ಹಳೆಯ ಸ್ಯಾಂಡನ್ ಹಡಗುಕಟ್ಟೆಯಲ್ಲಿ ಕಟ್ಟಿದ ಘಟಕಕ್ಕೆ ಹರಿಸುವ ಯೋಜನೆ ಇದರಲ್ಲಿ ಬಹು ದೊಡ್ಡದು. ಆ ಘಟಕ 1991ರಲ್ಲಿ ಕೆಲಸ ಆರಂಭಿಸಿತು. ಅದೇ ವರ್ಷ ನಗರಗಳ ಕೊಳಚೆಯ ಬಗ್ಗೆ ಯೂರೋಪಿನ ಕಟ್ಟುನಿಟ್ಟಿನ ನಿರ್ದೇಶನ ಬಂತು. 1989ರಲ್ಲಿ ಖಾಸಗಿಯಾಗಿದ್ದ ಜಲ ಕಂಪನಿ ಅದಕ್ಕೆ ತಲೆಬಾಗಲೇಬೇಕಾಯಿತು, ಖರ್ಚು ಗ್ರಾಹಕರ ಬಿಲ್ಲಿಗೆ ಸೇರಿತು. ಇನ್ನೊಂದು ಕಾರಣವನ್ನು ಸನ್ಮಾನದ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ: ಗಿರಣಿಗಳು, ಕಾಗದದ ಕಾರ್ಖಾನೆಗಳು, ಬಣ್ಣದ ಮನೆಗಳು ಒಂದೊಂದಾಗಿ ಮುಚ್ಚಿದ್ದರಿಂದಲೂ ನೀರು ತಿಳಿಯಾಯಿತು. ಮಾಲಿನ್ಯದ ಒಂದು ಪಾಲು ಶುದ್ಧವಾಗಲಿಲ್ಲ, ಬೇರೆ ದೇಶಗಳಿಗೆ ಸ್ಥಳಾಂತರವಾಯಿತು.

ಹಾಗಾದರೆ ಸಹಭಾಗಿತ್ವ ಮಾಡಿದ್ದೇನು? ಉಳಿದ ಯಾರಿಗೂ ಮಾಡಲಾಗದ ಎರಡು ಮೂರು ಕೆಲಸಗಳನ್ನು. ಇಡೀ ಜಲಾನಯನಕ್ಕೆ ಒಂದೇ ಗುರಿ ಮತ್ತು ಒಂದೇ ಗಡುವು ಇದ್ದುದರಿಂದ, ಮೇಲಿನ ಊರು ಕೆಳಗಿನ ಊರನ್ನು ಕಾಯುತ್ತ ಕೂರುವ ಹಳೆಯ ಆಟ ನಿಂತಿತು. ಯಾವ ಘಟಕವನ್ನು ಮೊದಲು ಸುಧಾರಿಸಿದರೆ ಎಷ್ಟು ಕಿಲೋಮೀಟರ್ ನದಿಗೆ ಆಮ್ಲಜನಕ ಮರಳುತ್ತದೆ ಎಂಬ ಲೆಕ್ಕ ಎಲ್ಲರೆದುರು ನಡೆಯಿತು. ಜಲ ಕಂಪನಿಗೆ ಸಂಬಂಧಿಸದ, ಕಾನೂನಿನ ಕಣ್ಣಿಗೂ ಬೀಳದ ಸಣ್ಣ ಕೆಲಸಗಳಿಗೆ ಒಬ್ಬ ಯಜಮಾನ ಸಿಕ್ಕಿದ. ಪ್ರತಿ ಉಪನದಿಗೂ ಕಣಿವೆಯ ಮಟ್ಟದ ಸಣ್ಣ ಕೂಟಗಳನ್ನು ರಚಿಸಿ, ಅವುಗಳಿಗೆ ಸಂಯೋಜಕರನ್ನು ನೇಮಿಸಲಾಯಿತು. ಮನೆಯ ಬಚ್ಚಲ ಕೊಳವೆಯನ್ನು ತಪ್ಪಾಗಿ ಮಳೆನೀರಿನ ಚರಂಡಿಗೆ ಜೋಡಿಸಿರುವುದು, ಕೈಗಾರಿಕಾ ವಸಾಹತಿನ ಹಿಂಬದಿಯಲ್ಲಿ ಎಣ್ಣೆಯ ಪೀಪಾಯಿ ಸೋರುತ್ತಿರುವುದು, ಹೊಳೆಗೆ ಸೋಫಾ ಎಸೆದಿರುವುದು ಮೊದಲಾದವುಗಳನ್ನು ಹುಡುಕಿ, ಸಂಬಂಧಪಟ್ಟವರ ಬಾಗಿಲು ತಟ್ಟುವುದು ಇಂತಹ ಕೂಟಗಳಿಗೆ ತಕ್ಕ ಕೆಲಸ. ದೊಡ್ಡ ಘಟಕ ಕಟ್ಟಿದ ಮೇಲೂ ಹೊಳೆ ಏಕೆ ನಾರುತ್ತಿದೆ ಎಂಬ ಪ್ರಶ್ನೆಗೆ ಉತ್ತರ ಹೆಚ್ಚಾಗಿ ಇಂತಹ ಕಡೆಗಳಲ್ಲೇ ಇರುತ್ತದೆ.

ಸಾಲ್‌ಫರ್ಡಿನ ಹಳೆಯ ಬಂದರು ಈ ಕೂಡುಕೆಲಸದ ಒಳ್ಳೆಯ ಉದಾಹರಣೆ. 1894ರಲ್ಲಿ ತೆರೆದ ಮ್ಯಾಂಚೆಸ್ಟರ್ ಹಡಗು ಕಾಲುವೆಯ ತುದಿಯಲ್ಲಿದ್ದ ಆ ಬಂದರು 1982ರಲ್ಲಿ ಮುಚ್ಚಿತು. ನಗರಸಭೆ ಅದನ್ನು ಕೊಂಡು, ಹಡಗುಕಟ್ಟೆಗಳನ್ನು ಒಡ್ಡು ಹಾಕಿ ಕಾಲುವೆಯಿಂದ ಬೇರ್ಪಡಿಸಿ, ಒಳಗಿನ ನೀರನ್ನು ಗಾಳಿಯೂದಿ ಕಲಕುವ ವ್ಯವಸ್ಥೆ ಮಾಡಿತು. ಕೆಲವು ವರ್ಷಗಳಲ್ಲೇ ಆ ನೀರಿಗೆ ಮೀನು ಬಿಡುವಂತಾಯಿತು. ಆದರೆ ಹೊರಗಿನ ಕಾಲುವೆಯ ತಳದಲ್ಲಿ ನೂರು ವರ್ಷದ ಕೊಳಚೆಯ ಹೂಳು ಕೂತಿತ್ತು. ಬೇಸಿಗೆಯಲ್ಲಿ ಅದರೊಳಗೆ ಹುಟ್ಟಿದ ಅನಿಲ ಹೂಳಿನ ಹಾಸುಗಳನ್ನೇ ಎತ್ತಿ ಮೇಲೆ ತೇಲಿಸುತ್ತಿತ್ತು. ಹೊಸದಾಗಿ ಕಟ್ಟಿದ ಕಚೇರಿಗಳ ಕಿಟಕಿಯೆದುರು ಕಪ್ಪು ರಾಡಿ ತೇಲುವುದು ಯಾರಿಗೂ ಬೇಕಿರಲಿಲ್ಲ. ಕೊನೆಗೆ 2001ರಿಂದ ಕಾಲುವೆಯ ಆ ಭಾಗಕ್ಕೆ ಶುದ್ಧ ಆಮ್ಲಜನಕವನ್ನೇ ಊದತೊಡಗಿದರು. ಆಸ್ಪತ್ರೆಯ ರೋಗಿಗೆ ಆಮ್ಲಜನಕ ಕೊಟ್ಟ ಹಾಗೆ ಎನ್ನಬಹುದು: ರೋಗದ ಮೂಲ ಹೋಗುವುದಿಲ್ಲ, ಆದರೆ ರೋಗಿ ಉಳಿಯುತ್ತಾನೆ.

1999ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಮೊದಲ ಬಾರಿಗೆ ನೀಡಲಾದ ಅಂತರರಾಷ್ಟ್ರೀಯ ನದಿ ಪ್ರಶಸ್ತಿ ಮರ್ಸಿಯ ಈ ಸಂಘಟನೆಗೆ ಸಂದಿತು. ಪ್ರಶಸ್ತಿಗಿಂತ ದೊಡ್ಡ ಸಾಕ್ಷಿ ಮೀನು. ಸಾಲ್ಮನ್ ಹುಟ್ಟುವುದು ಹೊಳೆಯ ಮೇಲ್ಭಾಗದ ಜಲ್ಲಿಯಲ್ಲಿ, ಬೆಳೆಯುವುದು ಸಮುದ್ರದಲ್ಲಿ, ಮೊಟ್ಟೆಯಿಡಲು ಮರಳುವುದು ಮತ್ತೆ ಹೊಳೆಗೆ. ಆದ್ದರಿಂದ ನದಿಯ ಯಾವುದೇ ಒಂದು ತುಂಡು ಕೆಟ್ಟಿದ್ದರೂ ಅದರ ಸಂಸಾರ ಸಾಗದು. 2002ರಲ್ಲಿ, ಕೈಗಾರಿಕೆ ಬಂದ ನಂತರ ಮೊದಲ ಬಾರಿಗೆ, ಮರ್ಸಿಯ ಉದ್ದಕ್ಕೂ ಮೀನು ಬದುಕುವಷ್ಟು ಆಮ್ಲಜನಕ ದಾಖಲಾಯಿತು. ವಾರಿಂಗ್ಟನ್ ಪಟ್ಟಣದ ಬಳಿಯ ಒಡ್ಡುಗಳಲ್ಲಿ ಸಾಲ್ಮನ್‌ಗಳು ಜಿಗಿಯುವುದನ್ನು ಜನ ಕಂಡರು. ಅದರೊಂದಿಗೆ ಹೊಸ ಸಮಸ್ಯೆಯೂ ಕಾಣಿಸಿತು. ಗಿರಣಿಗಳ ನೀರಿನ ಚಕ್ರಗಳಿಗೆಂದು ಹಿಂದೆ ಕಟ್ಟಿದ ನೂರಾರು ಒಡ್ಡುಗಳು ಹೊಳೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿಟ್ಟಿದ್ದವು. ನೀರು ಕೊಳಕಾಗಿದ್ದಾಗ ಯಾವ ಮೀನಿಗೂ ಅವು ಅಡ್ಡವಾಗಿರಲಿಲ್ಲ, ಏಕೆಂದರೆ ಮೀನೇ ಇರಲಿಲ್ಲ. ಈಗ ಅವುಗಳನ್ನು ಒಡೆಯಬೇಕು, ಇಲ್ಲವೆ ಬದಿಯಲ್ಲಿ ಮೀನಿನ ಮೆಟ್ಟಿಲು ಕಟ್ಟಬೇಕು. ಒಡ್ಡಿನ ಮಾಲೀಕ ಯಾರೆಂದೇ ತಿಳಿಯದ ಕಡೆ ಈ ಕೆಲಸ ಎಷ್ಟು ಕಷ್ಟವೆಂದು ಊಹಿಸಬಹುದು.

ನಿಗದಿಯಂತೆ 2010ರಲ್ಲಿ ಸಂಘಟನೆ ಬಾಗಿಲು ಮುಚ್ಚಿತು. ಅದರ ಮಾದರಿ ಮಾತ್ರ ಉಳಿಯಿತು: 2013ರಲ್ಲಿ ಸರ್ಕಾರ ಇಂಗ್ಲೆಂಡಿನ ಎಲ್ಲ ಜಲಾನಯನಗಳಿಗೂ ಸ್ಥಳೀಯ ಸಹಭಾಗಿತ್ವದ ನೀತಿಯನ್ನು ಪ್ರಕಟಿಸಿತು. ಮರ್ಸಿಯ ಮೇಲ್ಭಾಗಕ್ಕೆ ಒಂದು, ಇರ್‌ವೆಲ್‌ಗೆ ಒಂದು ಎಂಬಂತೆ ಕೂಟಗಳು ಈಗ ಕೆಲಸ ಮಾಡುತ್ತಿವೆ.

ಈಗ ಉಳಿದಿರುವ ಸಮಸ್ಯೆಗಳ ಸ್ವಭಾವ ಬೇರೆ. ಹಳೆಯ ಪಟ್ಟಣಗಳಲ್ಲಿ ಮಳೆನೀರು ಮತ್ತು ಮನೆಯ ಕೊಳಚೆ ಒಂದೇ ಕೊಳವೆಯಲ್ಲಿ ಹರಿಯುತ್ತವೆ. ಜೋರು ಮಳೆಯಲ್ಲಿ ಕೊಳವೆ ತುಂಬಿದಾಗ ಕೊಳಚೆ ಮನೆಗಳಿಗೆ ನುಗ್ಗದಿರಲೆಂದು, ಹೆಚ್ಚಾದದ್ದನ್ನು ನೇರವಾಗಿ ನದಿಗೆ ಬಿಡುವ ತೂಬುಗಳನ್ನು ಇಟ್ಟಿರುತ್ತಾರೆ. ಇಂಗ್ಲೆಂಡಿನಲ್ಲಿ ಇಂತಹವು 14 ಸಾವಿರಕ್ಕೂ ಹೆಚ್ಚಿವೆ. ಅಪರೂಪಕ್ಕೆ ತೆರೆಯಬೇಕಾದ ಇವು ಪದೇ ಪದೇ ತೆರೆಯುತ್ತಿರುವುದೇ ಇಂದಿನ ಜಗಳ. ಮ್ಯಾಂಚೆಸ್ಟರ್ ಹಡಗು ಕಾಲುವೆಯ ಕಂಪನಿ ಮತ್ತು ಆ ಪ್ರದೇಶದ ಜಲ ಕಂಪನಿಯ ನಡುವಿನ ಮೊಕದ್ದಮೆಯಲ್ಲಿ, ಸಂಸ್ಕರಿಸದ ಕೊಳಚೆ ತಮ್ಮ ನೀರಿಗೆ ಬಂದಾಗ ಮಾಲೀಕರು ಪರಿಹಾರಕ್ಕಾಗಿ ದಾವೆ ಹೂಡಬಹುದೆಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2024ರಲ್ಲಿ ತೀರ್ಪಿತ್ತಿತು. ಒಂದೇ ಮೇಜಿನ ಸುತ್ತ ಕೂರಬೇಕಾದವರು ನ್ಯಾಯಾಲಯದಲ್ಲಿ ಎದುರುಬದುರಾದದ್ದು, ಒಪ್ಪಂದದ ಮಾತಿಗೆ ಕಾನೂನಿನ ಬೆನ್ನೆಲುಬು ಎಷ್ಟು ಅಗತ್ಯವೆಂಬುದನ್ನು ತೋರಿಸುತ್ತದೆ.

ತಳದ ಹೂಳಿನಲ್ಲೂ ಹೊಸ ಪದರ ಸೇರಿದೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟೇಮ್ ಹೊಳೆಯ ಡೆಂಟನ್ ಎಂಬಲ್ಲಿ ತಳದ ಒಂದು ಚದರ ಮೀಟರಿಗೆ 5 ಲಕ್ಷಕ್ಕೂ ಹೆಚ್ಚು ಪ್ಲಾಸ್ಟಿಕ್ ಕಣಗಳು ಸಿಕ್ಕಿದ್ದವು. 2015–16ರ ಚಳಿಗಾಲದ ಪ್ರವಾಹ ಅಲ್ಲಿನ ಹೊಳೆಗಳ ತಳದಲ್ಲಿದ್ದ ಕಣಗಳಲ್ಲಿ ಸುಮಾರು ಶೇಕಡ 70ರಷ್ಟನ್ನು ಕೊಚ್ಚಿ ಸಮುದ್ರದ ಕಡೆಗೆ ಒಯ್ದಿತ್ತು. ಅಳಿವೆಯ ಕೆಸರಿನ ಪಾದರಸಕ್ಕೂ ಸುಲಭದ ಮದ್ದಿಲ್ಲ. ಅಗೆದರೆ ಅದು ಮತ್ತೆ ನೀರಿಗೆ ಕದಡುತ್ತದೆ, ಆದ್ದರಿಂದ ಹೊಸ ಹೂಳು ಅದನ್ನು ಮುಚ್ಚುತ್ತ ಹೋಗಲಿ ಎಂದು ಬಿಡುವುದೇ ಕಡಿಮೆ ಕೆಟ್ಟ ದಾರಿ. 2019ರ ವರ್ಗೀಕರಣದಲ್ಲಿ ಇಂಗ್ಲೆಂಡಿನ ನದಿಗಳಲ್ಲಿ ಉತ್ತಮ ಪರಿಸರ ಸ್ಥಿತಿಯಲ್ಲಿದ್ದವು ಶೇಕಡ 14 ಮಾತ್ರ ಎಂಬುದನ್ನು ನೋಡಿದರೆ, ಮೀನು ಬಂದ ಮಾತ್ರಕ್ಕೆ ನದಿ ಗುಣವಾಯಿತೆನ್ನಲಾಗದು.

ಕೆಲಸ ಈಗ ಮೂಲದ ಕಡೆಗೂ ಹೊರಳಿದೆ. ಗಿರಣಿಗಳ ಹೊಗೆ ಮತ್ತು ಆಮ್ಲದ ಮಳೆ ಪೆನೈನ್ ಬೆಟ್ಟದ ನೆತ್ತಿಯ ಜೌಗಿನ ಹಾವಸೆಯನ್ನು ಕೊಂದಿದ್ದವು. ನೀರನ್ನು ಹಿಡಿದಿಡುತ್ತಿದ್ದ ಹೊದಿಕೆ ಹೋದ ಮೇಲೆ ಕಪ್ಪು ಸಸ್ಯಮಣ್ಣು ಕೊರೆದು ಹೊಳೆಗಳಿಗೆ ಇಳಿಯುತ್ತಿತ್ತು. 2003ರಿಂದ ಅಲ್ಲಿ ಕೊರಕಲುಗಳಿಗೆ ಕಲ್ಲಿನ ತಡೆ ಹಾಕಿ ಮತ್ತೆ ಹಾವಸೆ ನೆಡುತ್ತಿದ್ದಾರೆ. ಕೆಳಗೆ, ಪಟ್ಟಣಗಳ ನಡುವಿನ ಹೊಳೆಗಳಲ್ಲಿ, ಸ್ವಯಂಸೇವಕರು ಮೊಣಕಾಲುದ್ದದ ಬೂಟು ತೊಟ್ಟು ನೀರಿಗಿಳಿದು, ಮೂರು ನಿಮಿಷ ತಳದ ಜಲ್ಲಿಯನ್ನು ಕಾಲಿನಿಂದ ಕೆದಕಿ, ತೇಲಿಬಂದದ್ದನ್ನು ಬಲೆಯಲ್ಲಿ ಹಿಡಿಯುತ್ತಾರೆ. ಬಿಳಿಯ ತಟ್ಟೆಗೆ ಸುರಿದು, ಕೊಳಚೆಯನ್ನು ಸಹಿಸದ ಎಂಟು ಗುಂಪಿನ ಕೀಟಮರಿ ಹಾಗೂ ಸಣ್ಣ ಜಲಜೀವಿಗಳನ್ನು ಎಣಿಸುತ್ತಾರೆ. ಎಣಿಕೆ ಆ ಜಾಗಕ್ಕೆ ಗೊತ್ತುಮಾಡಿದ ಮಟ್ಟಕ್ಕಿಂತ ಕೆಳಗಿಳಿದರೆ ಪರಿಸರ ಇಲಾಖೆಗೆ ಸುದ್ದಿ ಹೋಗುತ್ತದೆ, ಮತ್ತು ಮೇಲಿನ ಯಾವ ಕೊಳವೆಯಿಂದ ಏನು ಹರಿಯಿತೆಂದು ಹುಡುಕುವ ಕೆಲಸ ಆರಂಭವಾಗುತ್ತದೆ.